ಮೊದಲು ತೊಟ್ಟಿಲೋ, ಮೊದಲು ಟಿಕೆಟ್ಟೋ: ಸೇವೆಗೆಂದು ವಿದೇಶಕ್ಕೆ ಹೊರಟವರ ದತ್ತು ಲೆಕ್ಕ

ಬೀದರ್, ಕಲಬುರಗಿ ಕಡೆಯಿಂದ ಮುಂಬೈಗೆ ಬಂದು ನೆಲೆಸಿದ ಮೆಥೋಡಿಸ್ಟ್ ಕುಟುಂಬಗಳಲ್ಲಿ, ಬಾಸೆಲ್ ಮಿಷನ್ ಕಾಲದ ಹುಬ್ಬಳ್ಳಿ-ಧಾರವಾಡದ ಮನೆತನಗಳಲ್ಲಿ, ಪುಣೆಯ ಸೆಮಿನರಿಗಳಲ್ಲಿ ಓದುತ್ತಿರುವ ಕನ್ನಡದ ದಂಪತಿಗಳಲ್ಲಿ ಒಂದು ಆಸೆ ಆಗಾಗ ಕೇಳಿಬರುತ್ತದೆ. ಪೂರ್ವ ಆಫ್ರಿಕಕ್ಕೋ ನೇಪಾಳಕ್ಕೋ ಸೇವೆಗೆ ಹೋಗಬೇಕು, ಅಲ್ಲೊಂದು ಮನೆ ಕಟ್ಟಬೇಕು, ಆ ಮನೆಯಲ್ಲಿ ದತ್ತು ಮಕ್ಕಳು ಬೆಳೆಯಬೇಕು. ಆಸೆಯಲ್ಲಿ ತಪ್ಪೇನೂ ಇಲ್ಲ. ತೊಡಕೆಲ್ಲ ಇರುವುದು ಕ್ರಮದಲ್ಲಿ. ಯಾವುದು ಮೊದಲು ಆಗುತ್ತದೆ, ಯಾವುದು ಆಮೇಲೆ ಆಗುತ್ತದೆ ಎಂಬುದರ ಮೇಲೆ ನಿಮಗೆ ಅನ್ವಯಿಸುವ ಕಾನೂನು ಬದಲಾಗುತ್ತದೆ, ಅರ್ಜಿ ಹಾಕುವ ಕಚೇರಿ ಬದಲಾಗುತ್ತದೆ, ಕೆಲವೊಮ್ಮೆ ದತ್ತು ಸಾಧ್ಯವೇ ಇಲ್ಲದಂತಾಗುತ್ತದೆ. ಕ್ರಮ ತಪ್ಪಿದರೆ ಎರಡು ದೇಶಗಳ ನಡುವೆ ಸಿಕ್ಕಿಕೊಳ್ಳುವುದು ಮಗು.

ಮೊದಲು ಹಿನ್ನೆಲೆ. 1956ರ ಹಿಂದೂ ದತ್ತಕ ಕಾನೂನು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಕ್ರೈಸ್ತರಿಗೆ ಬಹುಕಾಲ ಉಳಿದಿದ್ದ ದಾರಿ 1890ರ ಪೋಷಕತ್ವ ಕಾನೂನು ಒಂದೇ. ಅದರಡಿ ನೀವು ಮಗುವಿನ ಪೋಷಕರು, ತಂದೆತಾಯಿ ಅಲ್ಲ. 18 ತುಂಬಿದ ದಿನ ಆ ಸಂಬಂಧ ಕಾಗದದ ಮೇಲೆ ಮುಗಿದುಹೋಗುತ್ತಿತ್ತು, ಆಸ್ತಿಯಲ್ಲಿ ಹಕ್ಕೂ ತಾನಾಗಿ ಬರುತ್ತಿರಲಿಲ್ಲ. ಆಮೇಲೆ ಬಾಂಬೆ ಹೈಕೋರ್ಟ್ ಕ್ರೈಸ್ತ ದಂಪತಿಯೊಬ್ಬರ ಅರ್ಜಿಯ ಮೇಲೆ ಅವರಿಗೂ ದತ್ತು ಪಡೆಯುವ ಹಕ್ಕಿದೆ ಎಂದು ಹೇಳಿತು. ಮಕ್ಕಳ ಆರೈಕೆ ಮತ್ತು ರಕ್ಷಣೆಗೆಂದು ಮಾಡಿದ ಬಾಲನ್ಯಾಯ ಕಾನೂನು ಬಂದ ಮೇಲೆ, ಅದರಲ್ಲೂ 2006ರ ತಿದ್ದುಪಡಿಯ ನಂತರ, ಧರ್ಮದ ಗೋಡೆ ಬಿತ್ತು. 2014ರ ಫೆಬ್ರವರಿಯಲ್ಲಿ ಶಬನಂ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನಿನಡಿ ಯಾವ ಧರ್ಮದವರೂ ದತ್ತು ಪಡೆಯಬಹುದು ಎಂದು ಸ್ಪಷ್ಟಪಡಿಸಿತು. ಈಗ ಚಾಲ್ತಿಯಲ್ಲಿರುವುದು 2015ರ ಬಾಲನ್ಯಾಯ ಕಾನೂನು, ಅದರ 2021ರ ತಿದ್ದುಪಡಿ, ಮತ್ತು 2022ರ ದತ್ತು ನಿಯಮಗಳು. ಇದರಡಿ ಬಂದ ಮಗು ಎಲ್ಲ ಅರ್ಥದಲ್ಲೂ ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಸಮ.

ಗೋವಾದವರಿಗೆ ಇಲ್ಲೊಂದು ಮಾತು. ಪೋರ್ಚುಗೀಸರ 1867ರ ನಾಗರಿಕ ಸಂಹಿತೆಯಲ್ಲಿ ದತ್ತಿಗೆ ಜಾಗವೇ ಇರಲಿಲ್ಲ, ಹಾಗಾಗಿ ಅಲ್ಲಿಯೂ ಈಗಿನ ದಾರಿ ಬಾಲನ್ಯಾಯ ಕಾನೂನೇ. ಆದರೆ ಗೋವಾದ ಉತ್ತರಾಧಿಕಾರ ಪದ್ಧತಿಯಲ್ಲಿ ಆಸ್ತಿಯ ಅರ್ಧಭಾಗ ಕಡ್ಡಾಯ ವಾರಸುದಾರರಿಗೆ ಮೀಸಲು. ದತ್ತು ಮಗು ಆ ಸಾಲಿಗೆ ಸೇರುತ್ತದೆ. ಇಡೀ ಮನೆಯನ್ನು ಚರ್ಚಿಗೋ ಟ್ರಸ್ಟಿಗೋ ಬರೆದಿಡುತ್ತೇವೆ ಎಂದು ಮೊದಲೇ ಮಾತು ಕೊಟ್ಟವರು ಆ ಉಯಿಲನ್ನು ವಕೀಲರ ಮುಂದೆ ಮತ್ತೆ ತೆರೆಯಬೇಕು.

ಬೋರ್ಡಿಂಗ್ ಮಗು ದತ್ತಿನ ಮಗುವಲ್ಲ

ಹಾಸ್ಟೆಲಿನಲ್ಲಿ ಸಾಕಿದ ಮಗುವನ್ನೇ ದತ್ತು ಮಗು ಎಂದುಕೊಳ್ಳುವುದು ಮಿಷನ್ ವಲಯದಲ್ಲಿ ಅತಿ ಹೆಚ್ಚು ಆಗುವ ತಪ್ಪು. ಪುಣೆ ಜಿಲ್ಲೆಯ ಕೇಡಗಾಂವಿನ ಮುಕ್ತಿ ಮಿಷನ್ ನೆನಪಿಸಿಕೊಳ್ಳಿ. ಕಾರ್ಕಳದ ಬಳಿಯ ಮಾಳದ ಮನೆತನದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ಎಂಬ ವಿಧವೆಯರ ವಸತಿಶಾಲೆ ತೆರೆದು, ಮರುವರ್ಷ ಪುಣೆಗೆ ತಂದು, 1896-97ರ ಬರದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕೇಡಗಾಂವಿಗೆ ಕರೆತಂದರು. ಅವರೆಲ್ಲ ರಮಾಬಾಯಿಯವರ ಆಶ್ರಯದಲ್ಲಿದ್ದರು, ದತ್ತುಮಕ್ಕಳಾಗಿರಲಿಲ್ಲ. ಆಶ್ರಯ ಬೇರೆ, ದತ್ತು ಬೇರೆ. ಈ ಗೆರೆ ಇವತ್ತಿಗೆ ಇನ್ನೂ ದಪ್ಪವಾಗಿದೆ.

ಹಾಸ್ಟೆಲಿನಲ್ಲಿ ಐದು ವರ್ಷ ನೀವೇ ಉಣಿಸಿ ಬೆಳೆಸಿದ ಹುಡುಗಿಗೆ ಊರಲ್ಲಿ ತಾಯಿ ಇದ್ದರೆ ಆ ಹುಡುಗಿ ದತ್ತಿಗೆ ಲಭ್ಯಳಲ್ಲ. ಬಡತನ ದತ್ತಿಗೆ ಕಾರಣವಾಗುವುದಿಲ್ಲ. ಮಗು ದತ್ತಿಗೆ ಮುಕ್ತ ಎಂದು ಘೋಷಿಸುವ ಅಧಿಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮಾತ್ರ. ಬಿಟ್ಟುಹೋದ ಮಗುವಾದರೆ ಸಮಿತಿ ಹೆತ್ತವರನ್ನು ಹುಡುಕಿಸುತ್ತದೆ. 2 ವರ್ಷದೊಳಗಿನ ಮಗುವಿಗೆ 2 ತಿಂಗಳು, ಅದಕ್ಕಿಂತ ದೊಡ್ಡದಕ್ಕೆ 4 ತಿಂಗಳ ಗಡುವು. ಹೆತ್ತವರೇ ಬಂದು ಒಪ್ಪಿಸಿದ ಮಗುವಾದರೆ ಮನಸ್ಸು ಬದಲಾಯಿಸಲು ಅವರಿಗೆ 2 ತಿಂಗಳ ಅವಕಾಶ ಇರುತ್ತದೆ. ಆ ಎರಡು ತಿಂಗಳಲ್ಲಿ ತಾಯಿಯ ಮೇಲೆ ಯಾರೂ ಒತ್ತಡ ಹೇರಬಾರದು. ಪ್ರಾರ್ಥನೆಯ ಹೆಸರಿನಲ್ಲಿ ಹೇರಿದರೂ ಅದು ಒತ್ತಡವೇ.

ಆಸ್ಪತ್ರೆಯಿಂದ ನೇರವಾಗಿ ಕೂಸನ್ನು ತಂದು, ನೋಟರಿ ಮುಂದೆ ಸ್ಟ್ಯಾಂಪ್ ಪೇಪರಿನಲ್ಲಿ ‘ದತ್ತು ಪತ್ರ’ ಬರೆಸಿಕೊಳ್ಳುವುದು ಇನ್ನೂ ನಿಂತಿಲ್ಲ. ಕ್ರೈಸ್ತ ದಂಪತಿಗೆ ಆ ಕಾಗದ ಯಾವ ಹಕ್ಕನ್ನೂ ಕೊಡುವುದಿಲ್ಲ. ವಿಧಿ ಮೀರಿ ಮಗುವನ್ನು ಕೊಟ್ಟವರಿಗೂ ಪಡೆದವರಿಗೂ ಬಾಲನ್ಯಾಯ ಕಾನೂನಿನ 80ನೇ ಕಲಂ 3 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಎನ್ನುತ್ತದೆ. ಹಣ ಕೈ ಬದಲಾಯಿಸಿದ್ದರೆ ಅದು 81ನೇ ಕಲಮಿನ ಮಾರಾಟವಾಗುತ್ತದೆ, ಅಲ್ಲಿ 5 ವರ್ಷದವರೆಗೆ ಕಠಿಣ ಸೆರೆ. ‘ಕಾಣಿಕೆ’ ಎಂದು ಕರೆದರೂ ಅದು ಹಣವೇ. ಸಿಕ್ಕಿಬೀಳುವ ಜಾಗ ಸಾಮಾನ್ಯವಾಗಿ ಪಾಸ್‌ಪೋರ್ಟ್ ಕೌಂಟರ್: 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದವರಿಗೆ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ. ದತ್ತು ಆದೇಶವಿಲ್ಲದೆ ಅದರಲ್ಲಿ ನಿಮ್ಮ ಹೆಸರು ಸಕ್ರಮವಾಗಿ ಬರುವುದಿಲ್ಲ.

ಬಂಧುಗಳ ಮಗುವನ್ನು ದತ್ತು ತೆಗೆದುಕೊಳ್ಳಬಹುದು, ಆದರೆ ಕಾನೂನಿನ ‘ಬಂಧು’ ನಮ್ಮ ಮನೆಮಾತಿನ ಬಂಧುವಲ್ಲ. ದೊಡ್ಡಪ್ಪ-ಚಿಕ್ಕಪ್ಪ, ಅತ್ತೆ, ಸೋದರಮಾವ, ದೊಡ್ಡಮ್ಮ-ಚಿಕ್ಕಮ್ಮ, ಎರಡೂ ಕಡೆಯ ಅಜ್ಜ-ಅಜ್ಜಿ, ಇಷ್ಟೇ. ದೊಡ್ಡಪ್ಪನ ಮಗನ ಮಗು ಈ ಪಟ್ಟಿಗೆ ಬರುವುದಿಲ್ಲ. ಮಗು ಬೇರೆ ದೇಶದ ಪ್ರಜೆಯಾಗಿದ್ದರೆ ಹತ್ತಿರದ ರಕ್ತಸಂಬಂಧವೂ ಸಾಲದು. 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಪುಣೆಯ ದಂಪತಿಗೆ ಇದನ್ನೇ ಹೇಳಿತು. ಅಮೆರಿಕದಲ್ಲಿ ಹುಟ್ಟಿದ, ಅಲ್ಲಿನ ಪ್ರಜೆಯಾದ ಬಂಧುವಿನ ಮಗು ನಮ್ಮ ಕಾನೂನಿನ ಅರ್ಥದಲ್ಲಿ ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವಲ್ಲ, ಆ ಮಗುವನ್ನು ದತ್ತು ಪಡೆಯುವುದು ಭಾರತೀಯರ ಮೂಲಭೂತ ಹಕ್ಕೂ ಅಲ್ಲ.

ಇಲ್ಲಿಂದಲೇ ಪಡೆದು ಹೋಗುವುದಾದರೆ

ನಮ್ಮ ಸಲಹೆ ಬಹುಪಾಲು ಕುಟುಂಬಗಳಿಗೆ ಇದೇ. ಊರಲ್ಲಿ ಇರುವಾಗಲೇ ದತ್ತು ಮುಗಿಸಿ, ಕಾಗದ ಕೈಗೆ ಬಂದ ಮೇಲೆ ಹೊರಡಿ.

ಗಂಡ-ಹೆಂಡತಿ 2 ವರ್ಷ ಸ್ಥಿರವಾಗಿ ಸಂಸಾರ ಮಾಡಿರಬೇಕು. ಮಗುವಿಗೂ ಇಬ್ಬರಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ 25 ವರ್ಷ ಅಂತರವಿರಬೇಕು. ಇಬ್ಬರ ವಯಸ್ಸು ಕೂಡಿಸಿ 2 ವರ್ಷದೊಳಗಿನ ಮಗುವಿಗೆ 85, 2ರಿಂದ 4ರ ಮಗುವಿಗೆ 90, 4ರಿಂದ 8ಕ್ಕೆ 100, 8ರ ಮೇಲೆ 110 ದಾಟಬಾರದು. ತಡವಾಗಿ ಮದುವೆಯಾಗಿ, ಸೆಮಿನರಿ ಓದಿ, ಒಂದು ಅವಧಿ ಸೇವೆ ಮುಗಿಸಿದ 44 ಮತ್ತು 42ರ ದಂಪತಿಗೆ ಕೂಸು ಈಗಲೇ ಕೈತಪ್ಪಿದೆ, ಆದರೆ 3 ವರ್ಷದ ಮಗು ಸಿಗಬಹುದು. ಇನ್ನೆರಡು ವರ್ಷ ಕಳೆದರೆ ಮೊತ್ತ 90ಕ್ಕೆ ಮುಟ್ಟಿ ಆ ಅವಕಾಶದ ಅಂಚಿಗೆ ಬರುತ್ತಾರೆ. ಮನೆಯಲ್ಲಿ ಆಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿದ್ದರೆ ವಿಶೇಷ ಅಗತ್ಯದ ಅಥವಾ ಮನೆ ಸಿಗುವುದು ಕಷ್ಟವಾಗಿರುವ ಮಕ್ಕಳನ್ನು ಮಾತ್ರ ಕೇಳಬಹುದು. ಬಂಧುವಿನ ಮಗು, ಮಲಮಗುವಿಗೆ ಈ ಮಿತಿ ಇಲ್ಲ.

ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿ ‘ಕಾರಾ’, ನಡೆಸುವ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ, 30 ದಿನದೊಳಗೆ ಕಾಗದಪತ್ರ ಏರಿಸಬೇಕು. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಅದಕ್ಕೆ 3 ವರ್ಷ ಆಯುಸ್ಸು. ಆರೋಗ್ಯವಂತ ಕೂಸಿಗಾಗಿ ಕಾಯುವುದು ಮೂರು ವರ್ಷ ದಾಟುವುದು ಸಾಮಾನ್ಯವಾದ್ದರಿಂದ ಎಷ್ಟೋ ಜನರಿಗೆ ಸರದಿ ಬರುವ ಹೊತ್ತಿಗೆ ವರದಿಯೇ ಹಳತಾಗಿರುತ್ತದೆ. ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ದೊಡ್ಡ ಮಕ್ಕಳು, ಒಡಹುಟ್ಟಿದ ಜೋಡಿಗಳು, ವಿಶೇಷ ಅಗತ್ಯದ ಮಕ್ಕಳ ವಿಷಯದಲ್ಲಿ ಕಾಯುವಿಕೆ ಬಹಳ ಕಡಿಮೆ. ಇಬ್ಬರು ಮಕ್ಕಳು ಬೇಕೆನ್ನುವವರು ಒಡಹುಟ್ಟಿದವರನ್ನು ಕೇಳುವುದು ಎಲ್ಲ ರೀತಿಯಲ್ಲೂ ಒಳ್ಳೆಯದು. ಪರದೇಶದಲ್ಲಿ ಆ ಮಕ್ಕಳಿಗೆ ಒಬ್ಬರಿಗೊಬ್ಬರು ಇರುತ್ತಾರೆ.

ಗೃಹ ಅಧ್ಯಯನದಲ್ಲಿ ಸೇವಾ ಕುಟುಂಬಗಳು ಎಡವುವುದು ಎರಡು ಕಡೆ. ಒಂದು ಆದಾಯ. ‘ದೇವರು ಒದಗಿಸುತ್ತಾನೆ’ ಎಂಬುದು ನಂಬಿಕೆಯ ಮಾತು, ವರದಿಗೆ ಬೇಕಾದ್ದು ಅಂಕಿ. ಕಳುಹಿಸುವ ಸಂಸ್ಥೆಯಿಂದ ತಿಂಗಳ ಭತ್ಯೆ ಎಷ್ಟು, ಎಷ್ಟು ವರ್ಷದ ಒಪ್ಪಂದ, ವೈದ್ಯಕೀಯ ವಿಮೆಯಲ್ಲಿ ಮಕ್ಕಳು ಸೇರುತ್ತಾರೋ ಇಲ್ಲವೋ, ಕುಟುಂಬವನ್ನು ವಾಪಸ್ ಕರೆಸುವ ಖರ್ಚು ಯಾರದು ಎಂದು ಬರೆದ ಪತ್ರ, ಬ್ಯಾಂಕ್ ವಿವರ, ತೆರಿಗೆ ವಿವರಣೆ ಜೋಡಿಸಿ. ಎರಡನೆಯದು, ವಿದೇಶಕ್ಕೆ ಹೋಗುವ ಯೋಜನೆಯನ್ನು ಮುಚ್ಚಿಡುವುದು. ಹೇಳಿದರೆ ಎಲ್ಲಿ ತಿರಸ್ಕರಿಸುತ್ತಾರೋ ಎಂಬ ಭಯ ಅರ್ಥವಾಗುವಂಥದ್ದು. ಆದರೆ ಆಮೇಲೆ ಎರಡು ವರ್ಷ ನಡೆಯುವ ತಪಾಸಣೆಯಲ್ಲಿ ಅದು ಹೊರಬಿದ್ದೇ ಬೀಳುತ್ತದೆ, ಆಗ ನಿಮ್ಮ ಪ್ರತಿ ಮಾತೂ ಅನುಮಾನಕ್ಕೆ ಒಳಗಾಗುತ್ತದೆ. ಯಾವ ದೇಶ, ಯಾವ ಊರು, ಶಾಲೆ ಎಷ್ಟು ದೂರ, ಹತ್ತಿರದ ಆಸ್ಪತ್ರೆ ಯಾವುದು ಎಂದು ಒಂದು ಪುಟ ನೀವೇ ಬರೆದು ಕೊಡಿ.

ಸರದಿ ಬಂದಾಗ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಪರದೆಯ ಮೇಲೆ ಬರುತ್ತವೆ. ಒಪ್ಪಿ ಕಾಯ್ದಿರಿಸಲು ಭಾರತದಲ್ಲಿ ವಾಸಿಸುವವರಿಗೆ 48 ಗಂಟೆ, ವಿದೇಶದಲ್ಲಿರುವವರಿಗೆ 96 ಗಂಟೆ. ಇಂಥ ಮೂರು ಅವಕಾಶ ಇರುತ್ತದೆ. ಮೂರನ್ನೂ ಬಿಟ್ಟರೆ ಒಂದು ವರ್ಷ ಹೊಸ ನೋಂದಣಿಗೆ ತಡೆ. ಆ 48 ಗಂಟೆಯಲ್ಲಿ ಮಕ್ಕಳ ವೈದ್ಯರನ್ನು ಹುಡುಕಲು ಹೊರಟರೆ ಆಗದು, ಮೊದಲೇ ಒಬ್ಬರನ್ನು ಮಾತಾಡಿಸಿಟ್ಟಿರಬೇಕು. 18 ತಿಂಗಳೊಳಗಿನ ಮಗುವಿನ ರಕ್ತದಲ್ಲಿ ತಾಯಿಯ ಎಚ್‌ಐವಿ ಪ್ರತಿಕಾಯಗಳು ಉಳಿದಿರಬಹುದು, ಹಾಗಾಗಿ ಸಾಮಾನ್ಯ ಪರೀಕ್ಷೆ ‘ಪಾಸಿಟಿವ್’ ಎಂದ ಮಾತ್ರಕ್ಕೆ ಸೋಂಕು ಇದೆ ಎನ್ನಲಾಗದು. ವೈರಾಣುವನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆ ಕೇಳಿ. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ಕಣ್ಣಿನ ರೆಟಿನಾ ಮತ್ತು ಕಿವಿಯ ಪರೀಕ್ಷೆ ಆಗಿದೆಯೇ ನೋಡಿ. ಮಹಾರಾಷ್ಟ್ರದ ಆದಿವಾಸಿ ಜಿಲ್ಲೆಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಹೆಚ್ಚು, ಅದನ್ನೂ ಕೇಳಿ. ಮಲೇರಿಯಾ ಇರುವ ದೇಶಕ್ಕೆ ಹೋಗುವವರು ಜಿ6ಪಿಡಿ ಪರೀಕ್ಷೆಯನ್ನು ಬಿಡಲೇಬಾರದು. ಈ ಕಿಣ್ವ ಕಡಿಮೆ ಇರುವ ಮಗುವಿಗೆ ಮಲೇರಿಯಾ ಔಷಧ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಇವು ಮಗುವನ್ನು ಬೇಡವೆನ್ನಲು ಹುಡುಕುವ ನೆಪಗಳಲ್ಲ. ಯಾವ ಊರಿನಲ್ಲಿ ಮನೆ ಮಾಡಬೇಕು, ಆಸ್ಪತ್ರೆಯಿಂದ ಎಷ್ಟು ದೂರ ಇರಬಹುದು ಎಂದು ನಿರ್ಧರಿಸಲು ಬೇಕಾದ ಮಾಹಿತಿ.

ಒಪ್ಪಿದ ಮೇಲೆ ದತ್ತುಪೂರ್ವ ಪೋಷಣೆಗೆ ಮಗು ಮನೆಗೆ ಬರುತ್ತದೆ, ಆದೇಶಕ್ಕೆ ಅರ್ಜಿ ಹೋಗುತ್ತದೆ. 2022ರ ಸೆಪ್ಟೆಂಬರ್ 1ರಿಂದ ಆದೇಶ ಕೊಡುವವರು ನ್ಯಾಯಾಧೀಶರಲ್ಲ, ಜಿಲ್ಲಾಧಿಕಾರಿ. ಗಡುವು 2 ತಿಂಗಳು. ಬಾಂಬೆ ಹೈಕೋರ್ಟಿನಲ್ಲಿ ಆಗಲೇ ಬಾಕಿ ಇದ್ದ ಪ್ರಕರಣಗಳನ್ನು ನ್ಯಾಯಾಲಯವೇ ನಡೆಸಲಿ ಎಂದು 2023ರ ಜನವರಿಯಲ್ಲಿ ಮಧ್ಯಂತರ ಆದೇಶ ಬಂದಿತ್ತು, ಆದ್ದರಿಂದ ಮುಂಬೈಯಲ್ಲಿ ಆ ಕಾಲದ ದತ್ತುಗಳ ಕಾಗದ ಬೇರೆ ರೂಪದಲ್ಲಿರಬಹುದು.

ಹೊರಡುವ ಮುನ್ನ

ಆದೇಶ ಬಂದ ಮೇಲೆ ಹೊಸ ಜನನ ಪ್ರಮಾಣಪತ್ರ, ಅದರ ಮೇಲೆ ಆಧಾರ್, ಅದರ ಮೇಲೆ ಪಾಸ್‌ಪೋರ್ಟ್. ಮೂರರಲ್ಲೂ ಮಗುವಿನ ಹೆಸರಿನ ಅಕ್ಷರ ಒಂದೇ ಆಗಿರಲಿ. ಮರಾಠಿ ಕಾಗದದಿಂದ ಇಂಗ್ಲಿಷಿಗೆ ಇಳಿಸುವಾಗ ಒಂದು ಅಕ್ಷರ ಹೆಚ್ಚುಕಡಿಮೆಯಾಗಿ ವೀಸಾ ನಿಂತ ಉದಾಹರಣೆಗಳಿವೆ. ದತ್ತು ಆದೇಶ ಮತ್ತು ಜನನ ಪ್ರಮಾಣಪತ್ರವನ್ನು ರಾಜ್ಯ ಮಟ್ಟದಲ್ಲಿ ದೃಢೀಕರಿಸಿ ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಬೇರೆ ದೇಶಗಳು ಒಪ್ಪುವ ದೃಢೀಕರಣ ಮುದ್ರೆ, ಮಾಡಿಸಬೇಕು. ಹೋಗುವ ದೇಶ ಅಪೊಸ್ಟಿಲ್ ಒಪ್ಪಂದದಲ್ಲಿ ಇಲ್ಲದಿದ್ದರೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣ ಬೇಕು.

ದತ್ತಾದ 2 ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರ ಭೇಟಿ ಇರುತ್ತದೆ. ಅದರ ನಡುವೆ ದೇಶ ಬಿಡುವುದು ನಿಷಿದ್ಧವಲ್ಲ, ಆದರೆ 2021ರಲ್ಲಿ ಸೇರಿಸಿದ ನಿಯಮದಂತೆ ಹೋಗುವ ದೇಶದ ಭಾರತೀಯ ರಾಯಭಾರ ಕಚೇರಿಗೆ ಕನಿಷ್ಠ ಎರಡು ವಾರ ಮೊದಲು ವಿಳಾಸ ಸಮೇತ ಲಿಖಿತ ಸೂಚನೆ ಕೊಡಬೇಕು. ನಿಯಮ ಹಾಗಿದ್ದರೂ ನಮ್ಮ ಅಭಿಪ್ರಾಯ ಇನ್ನಷ್ಟು ಬಿಗಿ: ಮೊದಲ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ, ಮನೆ ಬದಲಿಸಬೇಡಿ. ಶಿಶುಗೃಹದಿಂದ ಬಂದ ಮಗು ಆಗಲೇ ಒಂದು ಹಾಸಿಗೆ, ಒಂದು ವಾಸನೆ, ಒಂದು ಭಾಷೆ ಕಳೆದುಕೊಂಡಿದೆ. ಎರಡನೆಯ ಮನೆಯನ್ನು ಮೂರೇ ತಿಂಗಳಲ್ಲಿ ಕಳಚಿ ಮೂರನೆಯದಕ್ಕೆ ಎತ್ತಿಹಾಕಿದರೆ ನಿದ್ದೆ ಕೆಡುತ್ತದೆ, ಊಟ ಅಡಗಿಸಿಡುವುದು ಶುರುವಾಗುತ್ತದೆ, ಅಪರಿಚಿತರ ಬಳಿಗೂ ಹಿಂಜರಿಯದೆ ಹೋಗುತ್ತದೆ. ಚರ್ಚಿನಲ್ಲಿ ಆ ಕೊನೆಯದನ್ನು ಕಂಡು ‘ಎಷ್ಟು ಬೇಗ ಹೊಂದಿಕೊಂಡಿತು’ ಎಂದು ಖುಷಿಪಡುತ್ತಾರೆ. ಅದು ಹೊಂದಿಕೊಂಡ ಗುರುತಲ್ಲ, ಇನ್ನೂ ಯಾರನ್ನೂ ತನ್ನವರೆಂದು ಹಿಡಿದಿಲ್ಲ ಎಂಬ ಗುರುತು.

ಆಫ್ರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. 9 ತಿಂಗಳಿಗಿಂತ ಚಿಕ್ಕ ಮಗುವಿಗೆ ಅದನ್ನು ವಾಡಿಕೆಯಾಗಿ ಹಾಕುವುದಿಲ್ಲ. ಲಸಿಕೆ ಹಾಕಿಸಿದ 10 ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ, ಆಮೇಲೆ ಅದು ಜೀವಮಾನದುದ್ದಕ್ಕೂ ನಡೆಯುತ್ತದೆ. ರಜೆಗೆ ಊರಿಗೆ ಬರುವಾಗ ಅದು ಇಲ್ಲದಿದ್ದರೆ ಮುಂಬೈ ವಿಮಾನ ನಿಲ್ದಾಣದಲ್ಲಿಯೇ ಪ್ರತ್ಯೇಕವಾಸ ಎದುರಾಗಬಹುದು.

ಅಮೆರಿಕಕ್ಕೆ ಹೋಗುವವರಿಗೆ ಬೇರೆ ಲೆಕ್ಕ. ಅಲ್ಲಿನ ವಲಸೆ ಕಾನೂನು ದತ್ತು ಮಗುವನ್ನು ‘ಮಗು’ ಎಂದು ಎಣಿಸುವ ಮುಖ್ಯ ದಾರಿಯೊಂದರಲ್ಲಿ 16 ತುಂಬುವ ಮೊದಲು ದತ್ತು ಆಗಿರಬೇಕು, 2 ವರ್ಷ ಕಾನೂನುಬದ್ಧ ವಶ ಮತ್ತು ಒಟ್ಟಿಗೆ ವಾಸ ಆಗಿರಬೇಕು. ಕಳೆದ ತಿಂಗಳು ದತ್ತಾದ ಮಗುವಿಗೆ ಮುಂದಿನ ತಿಂಗಳು ಅವಲಂಬಿತ ವೀಸಾ ಸಿಗುತ್ತದೆ ಎಂದು ಟಿಕೆಟ್ ಕಾಯ್ದಿರಿಸಬೇಡಿ.

ಹೋದ ಮೇಲೆ ಪಡೆಯುವುದಾದರೆ

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ: ಅಲ್ಲಿದ್ದುಕೊಂಡು ಭಾರತದ ಮಗುವನ್ನು ಪಡೆಯುವುದು, ಮತ್ತು ಅಲ್ಲಿನ ಮಗುವನ್ನೇ ಪಡೆಯುವುದು.

ಭಾರತೀಯ ಪಾಸ್‌ಪೋರ್ಟ್ ಇದ್ದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ಇರುವವರು ಬಾಲನ್ಯಾಯ ಕಾನೂನಿನ ಕಣ್ಣಿಗೆ ಅನಿವಾಸಿ ಭಾರತೀಯರು. ಆ ಒಂದು ವರ್ಷದ ಗೆರೆ ದಾಟಿದ ಮೇಲೆ ಪುಣೆಯ ಅಣ್ಣನ ಮನೆಯ ವಿಳಾಸ ಕೊಟ್ಟು ದೇಶದೊಳಗಿನ ಅರ್ಜಿ ಹಾಕುವುದು ಸುಳ್ಳು ಹೇಳಿಕೆಯಾಗುತ್ತದೆ. ಸರದಿಯಲ್ಲಿ ಅನಿವಾಸಿಗಳಿಗೆ ಇಲ್ಲಿನವರಷ್ಟೇ ಆದ್ಯತೆ ಇದೆ, ಆದ್ದರಿಂದ ಆ ಸುಳ್ಳಿನಿಂದ ಲಾಭವೂ ಇಲ್ಲ. ಅರ್ಜಿ ಹೋಗುವುದು ಆ ದೇಶದ ಅಧಿಕೃತ ದತ್ತು ಸಂಸ್ಥೆ ಅಥವಾ ಕೇಂದ್ರ ಪ್ರಾಧಿಕಾರದ ಮೂಲಕ, ಎರಡೂ ಇಲ್ಲದ ಕಡೆ ಭಾರತೀಯ ರಾಯಭಾರ ಕಚೇರಿಯ ಮೂಲಕ. ಕಾರಾದ ನಿರಾಕ್ಷೇಪಣಾ ಪತ್ರ, ಜಿಲ್ಲಾಧಿಕಾರಿಯ ಆದೇಶ, ಆಮೇಲೆ ಹೇಗ್ ಒಪ್ಪಂದದ 23ನೇ ವಿಧಿಯ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ. ನಂತರ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ವರದಿ.

ಅಂತರದೇಶೀಯ ದತ್ತಿನ ಈ ಹೇಗ್ ಒಪ್ಪಂದ 1993ರ ಮೇ 29ರದು, ಭಾರತ ಅದನ್ನು ಅನುಮೋದಿಸಿದ್ದು 2003ರಲ್ಲಿ. ಅದಕ್ಕೂ ಮೊದಲು ಇಲ್ಲಿ ಬೇಲಿ ಹಾಕಿದ್ದು 1984ರ ಲಕ್ಷ್ಮೀಕಾಂತ ಪಾಂಡೆ ಪ್ರಕರಣ. ವಿದೇಶಕ್ಕೆ ದತ್ತು ಹೋಗುವ ಮಕ್ಕಳ ಸ್ಥಿತಿಯ ಬಗ್ಗೆ ವಕೀಲರೊಬ್ಬರು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡಿತ್ತು. ಒಪ್ಪಂದದ ಬೀಗದ ಕೈ ಒಂದೇ ಪದದಲ್ಲಿದೆ: ವಾಡಿಕೆಯ ವಾಸ. ನೀವು ಯಾವ ದೇಶದ ಪ್ರಜೆ ಎನ್ನುವುದಕ್ಕಿಂತ ನೀವು ಎಲ್ಲಿ ಬದುಕುತ್ತಿದ್ದೀರಿ, ಮಗು ಎಲ್ಲಿ ಬದುಕುತ್ತಿದೆ ಎಂಬುದೇ ಅಲ್ಲಿ ಮುಖ್ಯ.

ಅಲ್ಲಿನ ಮಗುವನ್ನು ಪಡೆಯುವುದು ಇನ್ನೂ ಕಠಿಣ. ಇಥಿಯೋಪಿಯ 2018ರ ಜನವರಿಯಲ್ಲಿ ವಿದೇಶಿಯರ ದತ್ತನ್ನು ನಿಷೇಧಿಸಿತು. ಕೀನ್ಯಾ 2014ರ ನವೆಂಬರ್‌ನಲ್ಲಿ ಅಂತರದೇಶೀಯ ದತ್ತಿಗೆ ತಡೆ ಹಾಕಿತು. ಉಗಾಂಡಾದಲ್ಲಿ 2016ರ ತಿದ್ದುಪಡಿಯ ನಂತರ ವಿದೇಶಿಯರು ಕನಿಷ್ಠ ಒಂದು ವರ್ಷ ಅಲ್ಲಿ ವಾಸವಿದ್ದು, ಮೇಲ್ವಿಚಾರಣೆಯಲ್ಲಿ ಒಂದು ವರ್ಷ ಮಗುವನ್ನು ಪೋಷಿಸಿರಬೇಕು. ಅಲ್ಲಿ ಆದೇಶ ಸಿಕ್ಕರೂ ಮಗು ತಾನಾಗಿ ಭಾರತದ ಪ್ರಜೆ ಆಗುವುದಿಲ್ಲ. ತನ್ನ ದೇಶದ ಪಾಸ್‌ಪೋರ್ಟಿನ ಮೇಲೆ ಭಾರತದ ವೀಸಾ ಪಡೆದು ಬರಬೇಕು, ಇಲ್ಲಿ ವಿದೇಶಿಯರ ನೋಂದಣಿ ಆಗಬೇಕು, ಪೌರತ್ವಕ್ಕೆ 1955ರ ಕಾನೂನಿನಡಿ ಪ್ರತ್ಯೇಕ ಅರ್ಜಿ ಹಾಕಬೇಕು. ಸೇವಾವಧಿ ಮುಗಿದು ವೀಸಾ ತೀರುವ ಆರು ತಿಂಗಳ ಮೊದಲು ಇದನ್ನು ಶುರು ಮಾಡಿದರೆ ತಡವಾಯಿತು ಎಂದೇ ಅರ್ಥ.

ಮನೆ

ಮನೆ ಕಟ್ಟುವ ವಿಷಯದಲ್ಲಿ ಒಂದೇ ಹಟ ಹಿಡಿಯಿರಿ: ಕುಟುಂಬದ ಮನೆಗೂ ಮಿಷನ್ನಿನ ಮಕ್ಕಳ ನಿಲಯಕ್ಕೂ ನಡುವೆ ಗೋಡೆ, ಬೇರೆ ಅಡುಗೆಮನೆ, ಬೇರೆ ಬಾಗಿಲು. ನಿಲಯದ ನಲವತ್ತು ಮಕ್ಕಳ ನಡುವೆ ನಿಮ್ಮ ದತ್ತು ಮಗು ಬೆಳೆದರೆ ತನಗೆ ಮನೆ ಸಿಕ್ಕಿತೋ ಇನ್ನೊಂದು ಸಂಸ್ಥೆ ಸಿಕ್ಕಿತೋ ಎಂದು ಅದಕ್ಕೆ ತಿಳಿಯುವುದಿಲ್ಲ.

ಜಮೀನು ನಿಮ್ಮ ಹೆಸರಿಗೆ ಆಗುತ್ತದೆ ಎಂದುಕೊಳ್ಳಬೇಡಿ. ಕೀನ್ಯಾದ 2010ರ ಸಂವಿಧಾನ ವಿದೇಶಿಯರಿಗೆ ಹೆಚ್ಚೆಂದರೆ 99 ವರ್ಷದ ಗುತ್ತಿಗೆ ಕೊಡುತ್ತದೆ, ಪೂರ್ಣ ಒಡೆತನ ಇಲ್ಲ. ಸ್ಥಳೀಯ ಗೆಳೆಯನ ಹೆಸರಿನಲ್ಲಿ ಕೊಂಡು ಬಾಯಿಮಾತಿನ ಮೇಲೆ ಕಟ್ಟಿದ ಮನೆ, ಆ ಗೆಳೆಯ ತೀರಿಕೊಂಡ ದಿನ ಅವರ ಮಕ್ಕಳದಾಗುತ್ತದೆ. ಮೊದಲ ಎರಡು ವರ್ಷ ಬಾಡಿಗೆ ಮನೆಯೇ ಒಳ್ಳೆಯದು.

ನೀರಿನ ಲೆಕ್ಕ ಹೀಗೆ. ಒಬ್ಬರಿಗೆ ದಿನಕ್ಕೆ 50 ಲೀಟರ್ ಹಿಡಿದರೆ ನಾಲ್ವರಿಗೆ 200, ಹತ್ತು ದಿನ ಸರಬರಾಜು ನಿಂತರೆ 2,000 ಲೀಟರ್ ಟ್ಯಾಂಕ್ ಬೇಕು. ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್. 80 ಚದರ ಮೀಟರ್ ತಗಡಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್, ಸೋರಿಕೆ ಕಳೆದು 1,600 ಕೈಗೆ ಬರುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ಚಾವಣಿಯ ಹಕ್ಕಿ ಹಿಕ್ಕೆಯೆಲ್ಲ ಅದರಲ್ಲೇ ಬರುವುದು. ಟ್ಯಾಂಕಿನ ಬಾಯಿಗೆ ಸೊಳ್ಳೆ ಬಲೆ, ಬೀಗ ಎರಡೂ ಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ತೆರೆದ ಟ್ಯಾಂಕ್ ಸೊಳ್ಳೆಗಿಂತ ದೊಡ್ಡ ಅಪಾಯ.

ಭಾಷೆಯೂ ಮನೆಯ ಭಾಗವೇ. ಪುಣೆಯ ಶಿಶುಗೃಹದ ಎರಡು ವರ್ಷದ ಮಗುವಿಗೆ ಗೊತ್ತಿರುವುದು ಮರಾಠಿ. ನೀವು ಕನ್ನಡ, ಹೊರಗೆ ಸ್ವಾಹಿಲಿ, ಶಾಲೆಯಲ್ಲಿ ಇಂಗ್ಲಿಷ್. ಮೊದಲ ತಿಂಗಳು ಪಾಣಿ, ದೂಧ್, ಝೋಪ್, ದುಖ್ತಯ್ ಎಂಬ ಹತ್ತಿಪ್ಪತ್ತು ಮಾತುಗಳನ್ನು ನೀವು ಕಲಿತು ಬಳಸಿ, ಪಕ್ಕದಲ್ಲೇ ನೀರು, ಹಾಲು, ನಿದ್ದೆ, ನೋವು ಇಡಿ. ಶಿಶುಗೃಹದಿಂದ ಹೊರಡುವ ದಿನ ಮಗು ಮಲಗುತ್ತಿದ್ದ ಗೋಧಡಿಯನ್ನು (ಕೌದಿಯನ್ನು) ತೊಳೆಯದೆ ಕೊಡಿ ಎಂದು ಕೇಳಿ. ನೋಡಿಕೊಂಡ ಮಾವಶಿಯ (ಆಯಾ) ಹೆಸರು, ಅವರು ಹಾಡುತ್ತಿದ್ದ ಅಂಗಾಯಿಯ (ಜೋಗುಳ) ಧ್ವನಿಮುದ್ರಣ, ಮಗು ಸಿಕ್ಕ ಊರು ಮತ್ತು ದಿನಾಂಕ, ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಪ್ರತಿ, ಇವನ್ನೆಲ್ಲ ಒಂದು ಕಡತದಲ್ಲಿಟ್ಟು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲೇ ಒಯ್ಯಿರಿ, ಲಗೇಜಿಗೆ ಹಾಕಬೇಡಿ. 18 ತುಂಬಿದ ಮೇಲೆ ಆ ಮಗು ತನ್ನ ಮೂಲವನ್ನು ತಾನೇ ಅರ್ಜಿ ಹಾಕಿ ಹುಡುಕಬಹುದು. ನೈರೋಬಿಯಿಂದಲೋ ಕಾಠ್ಮಂಡುವಿನಿಂದಲೋ ಪುಣೆಗೆ ಅರ್ಜಿ ಬರೆಯಲು ಕುಳಿತ ದಿನ ಅದಕ್ಕೆ ಮೊದಲು ಬೇಕಾಗುವುದು ಆ ಕಡತದ ಮೊದಲ ಪುಟ.